ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ: ಕೊಂಡ ಯಂತ್ರ ಮೂಲೆ ಸೇರುವುದೇಕೆ?

ಮಳೆ ಹಿಡಿಯುವ ಮುಂಚೆ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುವಾಗ ನಮ್ಮ ಸದಸ್ಯರಲ್ಲಿ ಯಾರೂ ಆ ವರ್ಷದ ಕೊಳೆರೋಗವನ್ನು ಕಣ್ಣಾರೆ ಕಂಡಿರುವುದಿಲ್ಲ. ಮೈಲುತುತ್ತಕ್ಕೂ ಸುಣ್ಣಕ್ಕೂ ಹಣ ತೆತ್ತು, ಮರ ಹತ್ತುವವರನ್ನು ಹುಡುಕಿ ತಂದು, ಇನ್ನೂ ಬಾರದ ರೋಗಕ್ಕಾಗಿ ಖರ್ಚು ಮಾಡುತ್ತೇವೆ. ಔಷಧಿ ಚೆನ್ನಾಗಿ ಹಿಡಿದರೆ ಆಗುವುದೇನು? ಏನೂ ಆಗುವುದಿಲ್ಲ, ಗೊನೆ ಇದ್ದ ಹಾಗೆಯೇ ಇರುತ್ತದೆ. ಇಷ್ಟಾದರೂ ಹೊಡೆಸುವುದನ್ನು ನಾವು ತಪ್ಪಿಸುವುದಿಲ್ಲ. ತಪ್ಪಿದ ವರ್ಷ ಕಾಲಿಟ್ಟಲ್ಲೆಲ್ಲ ಉದುರು ಕಾಯಿ ಕಂಡ ನೆನಪು ಹಿರಿಯರಿಗಿತ್ತು, ನಮಗೂ ಇದೆ.

ಅದೇ ನಾವು, ಸ್ವಂತ ಶರೀರದ ವಿಷಯ ಬಂದಾಗ, ಕಣ್ಣಿಗೆ ಕಾಣದ ರೋಗಕ್ಕಾಗಿ ದಿನವೂ ತೊಂದರೆ ಪಡಲು ಸಿದ್ಧರಿರುವುದಿಲ್ಲ. ಇದಕ್ಕೆ ಅಜ್ಞಾನ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ವಿಷಯವನ್ನು ಬಲ್ಲವರೂ ಬಿಡುತ್ತಾರೆ, ಹಣ ಕೊಟ್ಟವರೂ ಬಿಡುತ್ತಾರೆ. ಏಕೆ ಎಂಬುದನ್ನು ಒಂದು ಕಾಯಿಲೆಯ ಉದಾಹರಣೆಯಿಂದ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ಹೋದ ವರ್ಷ ತೊಗರಿ ಬೆಳೆಗಾರರ ಸಹಕಾರಿ ವ್ಯವಹಾರವನ್ನು ಕಂಡುಬರಲೆಂದು ನಾವು ಕೆಲವು ಸದಸ್ಯರು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಿಗೆ ಹೋಗಿದ್ದೆವು. ಕರಿಮಣ್ಣಿನ ಆ ಸೀಮೆಯ ಬೇಸಾಯಕ್ಕೂ ನಮ್ಮ ತೋಟಗಳಿಗೂ ಅಜಗಜಾಂತರ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಅಲ್ಲಿನ ತೊಗರಿಯ ವಿಚಾರ ಇಲ್ಲಿ ಬೇಡ. ಅದೇ ಒಂದು ಲೇಖನವಾದೀತು. ಉಳಿದುಕೊಂಡ ಮನೆಗಳಲ್ಲಿ ನಮಗೆ ಕಂಡದ್ದು ಇನ್ನೊಂದು. ಆಳಂದ ಕಡೆಯ ಒಂದು ಮನೆಯಲ್ಲಿ, ಅಫಜಲಪುರ ಕಡೆಯ ಇನ್ನೊಂದು ಮನೆಯಲ್ಲಿ, ಟ್ರಾನ್ಸಿಸ್ಟರ್ ರೇಡಿಯೋದಷ್ಟು ದೊಡ್ಡ ಒಂದು ಯಂತ್ರ, ಅದಕ್ಕೊಂದು ಸುಕ್ಕುಸುಕ್ಕಾದ ಕೊಳವೆ, ತುದಿಯಲ್ಲಿ ಮೂಗಿಗೆ ಹಾಕುವ ಗವಸು, ಇವು ಬಟ್ಟೆಯಲ್ಲಿ ಸುತ್ತಿ ಇಟ್ಟಲ್ಲೇ ಇದ್ದವು. ಒಂದರ ಮೇಲೆ ತೊಗರಿ ಚೀಲ ಒರಗಿತ್ತು. ಜೇವರ್ಗಿಯ ಮೂರನೆಯ ಮನೆಯಲ್ಲಿ ಮಾತ್ರ ಅದು ಮಂಚದ ಪಕ್ಕದ ಸ್ಟೂಲಿನ ಮೇಲಿತ್ತು. ಇಂಥ ಯಂತ್ರ ಕಪಾಟು ಸೇರಿರುವ ಮನೆಗಳು ನಮ್ಮ ಮಲೆನಾಡಿನಲ್ಲೂ ಇವೆ.

ಈ ಯಂತ್ರವಿರುವುದು ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆಗೆ. ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಉಸಿರಿನ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಹತ್ತಿದೊಡನೆ ಅವು ಸಡಿಲಾಗುತ್ತವೆ. ಕೆಲವರಲ್ಲಿ ನಾಲಗೆಯ ಬುಡವೂ ಅಂಗುಳಿನ ಮೆತ್ತನೆಯ ಭಾಗವೂ ಕುಸಿದು ದಾರಿಗೆ ಅಡ್ಡವಾಗುತ್ತವೆ. ದಾರಿ ಕಿರಿದಾದರೆ ಗೊರಕೆ. ಪೂರ್ತಿ ಮುಚ್ಚಿದರೆ ಗೊರಕೆಯೂ ಇಲ್ಲ, ಉಸಿರೂ ಇಲ್ಲ. ಹತ್ತು ಸೆಕೆಂಡು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಅರೆ ಎಚ್ಚರಗೊಂಡು ಗಂಟಲನ್ನು ಬಿಡಿಸುತ್ತದೆ, ದೊಡ್ಡದೊಂದು ಗೊರಕೆಯೊಡನೆ ಉಸಿರು ಮರಳುತ್ತದೆ. ಹೀಗೆ ಗಂಟೆಗೆ 5ರಿಂದ 15 ಸಲ ಉಸಿರಾಟ ಕುಗ್ಗಿದರೆ ಅಥವಾ ನಿಂತರೆ ಕಾಯಿಲೆ ಸೌಮ್ಯ, 15ರಿಂದ 30 ಮಧ್ಯಮ, 30ಕ್ಕೆ ಮೇಲ್ಪಟ್ಟರೆ ತೀವ್ರ ಎಂದು ವೈದ್ಯರು ಎಣಿಸುತ್ತಾರೆ. ತೀವ್ರವಿದ್ದವನು ಎಂಟು ತಾಸು ಮಲಗಿದರೆ ಇನ್ನೂರ ನಲವತ್ತು ಬಾರಿಯಾದರೂ ಉಸಿರಿಗೆ ತಡೆ ಬಂದಿರುತ್ತದೆ. ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ನೆನಪಿರುವುದು ತಲೆಭಾರ, ಒಣಗಿದ ಬಾಯಿ, ಮಧ್ಯಾಹ್ನ ಕುಳಿತಲ್ಲೇ ತೂಕಡಿಕೆ. ರಕ್ತದ ಒತ್ತಡ ಏರುವುದಕ್ಕೂ ರಸ್ತೆ ಅಪಘಾತಗಳಿಗೂ ಇದು ಕಾರಣವಾಗುತ್ತದೆ.

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಕೂಡಿಸಿ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮಲ್ಲಿ ವಯಸ್ಕರ ಪೈಕಿ ಶೇಕಡಾ 11ರಷ್ಟು ಜನರಿಗೆ, ಅಂದರೆ ಹತ್ತು ಕೋಟಿಗೂ ಮೇಲ್ಪಟ್ಟವರಿಗೆ, ಈ ಕಾಯಿಲೆಯಿದೆ. ದಪ್ಪ ಕುತ್ತಿಗೆ, ಹೊಟ್ಟೆಯ ಬೊಜ್ಜು ಇದ್ದವರಲ್ಲಿ ಹೆಚ್ಚು. ಹಾಗೆಂದು ತೆಳ್ಳಗಿರುವವರಿಗೆ ಬಾರದೆಂದಲ್ಲ.

ಚಿಕಿತ್ಸೆಯ ತತ್ತ್ವ ಸರಳ. ತೋಟಕ್ಕೆ ನೀರು ಹಾಯಿಸುವ ಮೆತ್ತನೆಯ ಪ್ಲಾಸ್ಟಿಕ್ ಪೈಪನ್ನು ನೆನೆಯಿರಿ. ಪಂಪು ನಿಂತಾಗ ಚಪ್ಪಟೆಯಾಗಿ ಬಿದ್ದಿರುತ್ತದೆ, ನೀರಿನ ಒತ್ತಡ ಬಂದೊಡನೆ ಉಬ್ಬಿ ದುಂಡಗಾಗುತ್ತದೆ. ಗಂಟಲಿಗೂ ಹಾಗೆಯೇ ಗಾಳಿಯ ಒತ್ತಡ ಕೊಟ್ಟು ತೆರೆದಿಡಬಹುದೆಂದು ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಐವರು ರೋಗಿಗಳಲ್ಲಿ ತೋರಿಸಿದರು. ಸಿ-ಪ್ಯಾಪ್ ಎಂಬ ಈ ಯಂತ್ರ ಕೊಡುವುದು ಆಮ್ಲಜನಕವಲ್ಲ, ಔಷಧಿಯೂ ಅಲ್ಲ; ಕೋಣೆಯ ಗಾಳಿಯನ್ನೇ ಒತ್ತಡದಿಂದ ಮೂಗಿಗೆ ತಳ್ಳುತ್ತದೆ. ಹಾಕಿಕೊಂಡಷ್ಟು ಹೊತ್ತು ಗಂಟಲು ಮುಚ್ಚುವುದಿಲ್ಲ. ತೆಗೆದಿಟ್ಟರೆ ಕಾಯಿಲೆ ಮರಳುತ್ತದೆ.

ತೊಡಕಿರುವುದು ಇಲ್ಲೇ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು 1993ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 35 ರೋಗಿಗಳ ಯಂತ್ರಗಳೊಳಗೆ ಅವರಿಗೆ ತಿಳಿಯದಂತೆ ಗಂಟೆ ಎಣಿಸುವ ಸಾಧನವಿಟ್ಟಿದ್ದರು. ಪ್ರತಿ ರಾತ್ರಿಯೂ ಬಳಸುತ್ತೇವೆಂದು ಹೇಳಿದವರು ಶೇಕಡಾ 60. ನೂರರಲ್ಲಿ ಎಪ್ಪತ್ತು ದಿನವಾದರೂ ನಾಲ್ಕು ತಾಸಿಗೆ ಕಡಮೆಯಿಲ್ಲದೆ ಬಳಸಿದವರು ಶೇಕಡಾ 46 ಮಾತ್ರ. ಉಳಿದವರೆಲ್ಲ ಸುಳ್ಳು ಹೇಳಿದರೆಂದು ನಾವು ತಿಳಿಯಬೇಕಾಗಿಲ್ಲ. ಹತ್ತು ಗಂಟೆಗೆ ಗವಸು ಹಾಕಿ ಮಲಗಿದ್ದು ನೆನಪಿರುತ್ತದೆ. ಒಂದು ಗಂಟೆಗೆ ನಿದ್ದೆಗಣ್ಣಿನಲ್ಲಿ ಕಿತ್ತೆಸೆದದ್ದು ನೆನಪಿರುವುದಿಲ್ಲ.

ಯಾರು ಬಳಸುತ್ತಾರೆ, ಯಾರು ಬಿಡುತ್ತಾರೆ ಎಂದು ಮುಂದೆ ಬಹಳ ಮಂದಿ ಹುಡುಕಿದರು. ಕಾಯಿಲೆ ಎಷ್ಟು ತೀವ್ರ, ಗಾಳಿಯ ಒತ್ತಡ ಎಷ್ಟು ಎಂಬುದರಿಂದ ಹೆಚ್ಚೇನೂ ತಿಳಿದುಬರಲಿಲ್ಲ. ತಿಳಿದದ್ದು ಮನಸ್ಸಿನಿಂದ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಒಂದು ಮಾತನ್ನು ಮುಂದಿಟ್ಟಿದ್ದರು: ಒಂದು ಕೆಲಸದಿಂದ ಒಳಿತಾಗುತ್ತದೆಂದು ಅರಿತಿರುವುದೇ ಬೇರೆ, ಅದನ್ನು ನಾನು ಮಾಡಬಲ್ಲೆನೆಂಬ ನಂಬಿಕೆಯೇ ಬೇರೆ, ಮನುಷ್ಯ ಕಷ್ಟದಲ್ಲೂ ಪಟ್ಟು ಹಿಡಿಯುವುದು ಎರಡನೆಯದರ ಬಲದಿಂದ. ಈ ಜಾಡಿನಲ್ಲೇ ಟೆರಿ ವೀವರ್ ಮತ್ತು ಜೊತೆಯವರು 2003ರಲ್ಲಿ ಸ್ಲೀಪ್ ಆಪ್ನಿಯಾ ರೋಗಿಗಳಿಗೆಂದೇ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಅದು ಕೇಳುವುದು ಮೂರು ಸಂಗತಿ: ಈ ಕಾಯಿಲೆಯಿಂದ ನನಗೆ ಅಪಾಯವಿದೆಯೇ, ಯಂತ್ರದಿಂದ ನನಗೇನು ಸಿಕ್ಕೀತು, ಅಡ್ಡಿ ಬಂದಾಗಲೂ ನಾನಿದನ್ನು ಹಾಕಿಕೊಳ್ಳಬಲ್ಲೆನೇ. ನಾವು ಕಂಡ ಮೂರು ಮನೆಗಳನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ನೋಡಿದರೆ ವಿಷಯ ತಿಳಿಯಾಗುತ್ತದೆ.

ಆಳಂದ ಕಡೆಯ ಹಿರಿಯರಿಗೆ ಮಗ ಸೊಲ್ಲಾಪುರದಲ್ಲಿ ಪರೀಕ್ಷೆ ಮಾಡಿಸಿ ಯಂತ್ರ ಕೊಡಿಸಿದ್ದ. ಆಳಂದದವರಿಗೆ ಸೊಲ್ಲಾಪುರದ ಆಸ್ಪತ್ರೆಗಳು ಕಲಬುರಗಿಯವಷ್ಟೇ ಪರಿಚಿತ. "ಗೊರಕಿ ಹೊಡದ್ರ ನಿದ್ದಿ ಗಟ್ಟಿ ಹತ್ಯಾದಂತ ತಿಳ್ಕೊಂಡಿದ್ದೆವ್ರಿ. ನನಗೇನ್ ಬ್ಯಾನಿ ಅದ?" ಎಂದರು ಆ ಹಿರಿಯರು. ಒಳಗಿನಿಂದ ಅವರ ಮನೆಯವರು, "ಅವರಿಗೇನ್ ಗೊತ್ತಾಗ್ತದ್ರಿ, ಉಸುರು ನಿಂತಾಗ ಎದ್ದು ಕುಂದ್ರಾಕಿ ನಾನು" ಎಂದರು. ಇಬ್ಬರದೂ ನಿಜ. ಈ ಕಾಯಿಲೆಯ ವಿಚಿತ್ರವೆಂದರೆ ಅನುಭವಿಸುವವನೊಬ್ಬ, ಕಾಣುವವರು ಇನ್ನೊಬ್ಬರು. ರೋಗಿಗೆ ನೋವಿಲ್ಲ, ಜ್ವರವಿಲ್ಲ, ನೆನಪೂ ಇಲ್ಲ. ಹಗಲಿನ ತೂಕಡಿಕೆಗೆ ಆತನ ಬಳಿ ಬೇರೆ ಕಾರಣಗಳಿರುತ್ತವೆ: ವಯಸ್ಸಾಯಿತು, ಬಿಸಿಲು ಹೆಚ್ಚು, ಊಟ ಭಾರವಾಯಿತು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ ತೂಕಡಿಸುವುದನ್ನು ಯಾರು ತಾನೇ ಕಾಯಿಲೆಯೆಂದಾರು!

ಆದರೆ ಇದೇ ಹಿರಿಯರು ತೊಗರಿ ಬಿತ್ತುವ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ ತಪ್ಪದೆ ಸವರುತ್ತಾರೆ. 2022ರ ಹಂಗಾಮಿನಲ್ಲಿ ನೆಟೆರೋಗದಿಂದ ಆ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದನ್ನು ಅವರು ಕಂಡಿದ್ದಾರೆ. ಹೂ ಕಾಯಿಯ ಹೊತ್ತಿಗೆ ಗಿಡ ಬಾಡಿದ ಮೇಲೆ ಮಾಡುವಂಥದೇನೂ ಉಳಿಯುವುದಿಲ್ಲವೆಂದು ಬಲ್ಲರು. ಎಂದರೆ ಕಾಣದ ರೋಗಕ್ಕೆ ಮುಂಚಿತವಾಗಿ ಉಪಚಾರ ಮಾಡುವ ಬುದ್ಧಿ ಅವರಿಗಿಲ್ಲದಿಲ್ಲ. ನಷ್ಟವನ್ನು ಕಣ್ಣಾರೆ ಕಂಡ ನೆನಪು ಇದೊಂದು ವಿಷಯದಲ್ಲಿ ಇಲ್ಲ. ಆ ನೆನಪಿರುವುದು ಮನೆಯವರ ಬಳಿ. ಆದ್ದರಿಂದ ವೈದ್ಯರ ಬಳಿಗೆ ರೋಗಿಯೊಬ್ಬನೇ ಹೋಗದೆ ಪಕ್ಕದಲ್ಲಿ ಮಲಗುವವರೂ ಹೋಗುವುದು ಮೇಲು. ಉಸಿರು ನಿಂತು ಮರಳುವ ಎರಡು ನಿಮಿಷವನ್ನು ಮೊಬೈಲಿನಲ್ಲಿ ಚಿತ್ರಿಸಿ ರೋಗಿಗೇ ತೋರಿಸಿದರೆ ಇನ್ನೂ ಮೇಲು. ತನ್ನ ಗಂಟಲು ಮುಚ್ಚಿ ಎದೆ ಮಾತ್ರ ಏಳುತ್ತ ಬೀಳುತ್ತ ಇರುವುದನ್ನು ಕಂಡವನು ನನಗೇನು ಬೇನೆಯೆಂದು ಅಷ್ಟು ಸುಲಭವಾಗಿ ಕೇಳಲಾರ.

ಅಫಜಲಪುರ ಕಡೆಯವರ ಕಥೆ ಬೇರೆ. ಭೀಮಾ ತೀರದ ಆ ತಾಲೂಕಿನಲ್ಲಿ ಕಬ್ಬು ಉಂಟು. ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುತ್ತವೆ. ಇವರದೂ ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು. ಒಂದು ರಾತ್ರಿ ಸ್ಟೇರಿಂಗ್ ಮೇಲೆ ಕಣ್ಣು ಮುಚ್ಚಿ ರಸ್ತೆಯ ಬದಿಗೆ ಇಳಿದುಬಿಟ್ಟಿದ್ದರು. ಅಪಾಯದ ಅರಿವು ಅವರಿಗೆ ಬೇರೆಯಾಗಿ ಬೋಧಿಸಬೇಕಾಗಿರಲಿಲ್ಲ. ಆದರೂ ಯಂತ್ರವನ್ನು ಮೂರೇ ರಾತ್ರಿ ಹಾಕಿ ಬಿಟ್ಟರು. ಏಕೆಂದು ಬಹಳ ಹೊತ್ತು ಹೇಳಲಿಲ್ಲ. ಕೊನೆಗೆ, "ನಮ್ಮ ಅಣ್ಣಗ ಕರೋನಾದಾಗ ಇಂಥಾದೇ ಹಾಕಿದ್ರು. ಹಾಕಿದ ಮ್ಯಾಲ ಮನಿಗಿ ಬರಲಿಲ್ಲ" ಎಂದರು.

ಕೋವಿಡ್ ಸೋಂಕಿನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು 2020ರ ಮಾರ್ಚಿನಲ್ಲಿ ಕಲಬುರಗಿಯದೇ ಎಂಬುದನ್ನು ಓದುಗರು ಮರೆತಿರಲಾರರು. ಮುಂದೆ 2021ರ ಎರಡನೆಯ ಅಲೆಯಲ್ಲಿ ಮುಖದ ಮೇಲೆ ಗವಸು, ಗಾಳಿಯ ಸದ್ದು ಎಂದರೆ ಕೊನೆಗಾಲ ಎಂಬ ಅರ್ಥ ಎಷ್ಟೋ ಮನೆಗಳಲ್ಲಿ ಬೇರೂರಿತು. ಯಂತ್ರದಿಂದ ನನಗೇನು ಸಿಕ್ಕೀತು ಎಂಬ ಪ್ರಶ್ನೆಗೆ ಆ ಮನುಷ್ಯನ ಒಳಗಿದ್ದ ಉತ್ತರ ಅದು. ವೈದ್ಯರು ಹೇಳಿದ ಒತ್ತಡದ ಅಂಕಿಗಳು ಆ ಉತ್ತರವನ್ನು ತಟ್ಟಲೂ ಇಲ್ಲ. ಇಂಥವರಿಗೆ ಯಂತ್ರ ಒಳ್ಳೆಯದೆಂದು ಮತ್ತೆ ಮತ್ತೆ ಹೇಳಿ ಪ್ರಯೋಜನವಿಲ್ಲ. ಅಣ್ಣನಿಗೆ ಹಾಕಿದ್ದು ಪುಪ್ಪುಸ ಸೋತಾಗ, ಇದು ಪುಪ್ಪುಸ ಗಟ್ಟಿಯಿರುವವನಿಗೆ ಗಂಟಲು ತೆರೆದಿಡಲು ಮಾತ್ರ, ಎಂಬ ವ್ಯತ್ಯಾಸವನ್ನು ಕುಳಿತು ಬಿಡಿಸಿ ಹೇಳಬೇಕು. ಅದಕ್ಕೂ ಮೊದಲು, ಏಕೆ ಹಾಕುವುದಿಲ್ಲವೆಂದು ಗದರದೆ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಬೇಕು. ಇಷ್ಟು ವ್ಯವಧಾನ ನಮ್ಮ ಹೊರರೋಗಿ ವಿಭಾಗಗಳಲ್ಲಿ ಸಿಗುವುದು ಕಷ್ಟ. ಮನೆಯವರೋ ನೆಂಟರೋ ಮಾಡಬಹುದಾದ ಕೆಲಸವಿದು.

ನಿರೀಕ್ಷೆ ಕೆಡುವ ಇನ್ನೊಂದು ಬಗೆಯೂ ಉಂಟು. ಗುಳಿಗೆ ನುಂಗಿದರೆ ವಾರದಲ್ಲಿ ಗುಣವಾಗಬೇಕೆಂದು ನಾವು ಬಯಸುತ್ತೇವೆ. ಯಂತ್ರದ ಕಿರಿಕಿರಿ ಮೊದಲ ರಾತ್ರಿಯೇ ಬರುತ್ತದೆ, ಸುಖ ಮಾತ್ರ ನಿಧಾನ. ಸುಖ ಕಂಡವರು ಗುಣವಾಯಿತೆಂದು ತಿಂಗಳಿಗೇ ನಿಲ್ಲಿಸುವುದೂ ಇದೆ. ಎಷ್ಟು ತಾಸು ಸಾಕೆಂಬುದಕ್ಕೂ ಒಂದೇ ಉತ್ತರವಿಲ್ಲ. 2007ರ ಒಂದು ಅಧ್ಯಯನದಲ್ಲಿ ರೋಗಿಗೆ ತಾನಾಗಿ ತೂಕಡಿಕೆ ತಗ್ಗಿದಂತೆ ಅನ್ನಿಸಲು ಸುಮಾರು ನಾಲ್ಕು ತಾಸಿನ ಬಳಕೆ, ಪರೀಕ್ಷೆಯಲ್ಲಿ ತೂಕಡಿಕೆ ತಗ್ಗಿದ್ದು ಕಾಣಲು ಆರು ತಾಸು, ದಿನದ ಕೆಲಸಕಾರ್ಯಗಳು ಸರಿದಾರಿಗೆ ಬರಲು ಏಳೂವರೆ ತಾಸು ಬೇಕಾದವು. ನನಗೀಗ ಪರವಾಗಿಲ್ಲ ಎಂದು ಅನ್ನಿಸುವುದು ಎಲ್ಲಕ್ಕಿಂತ ಮೊದಲು. ಮೋಸ ಹೋಗುವುದೂ ಅಲ್ಲಿಯೇ.

ಜೇವರ್ಗಿಯ ಮೂರನೆಯ ಮನೆಯಲ್ಲಿ ಯಂತ್ರ ಹಾಕಿಕೊಳ್ಳುತ್ತಿದ್ದವರು ಐವತ್ತೈದರ ಸುಮಾರಿನ ತಾಯಿ. ರಕ್ತದೊತ್ತಡಕ್ಕೆ ಎರಡು ಗುಳಿಗೆ ನಡೆಯುತ್ತಿತ್ತು, ಸುಸ್ತು ಬಿಟ್ಟಿರಲಿಲ್ಲ. ಈ ಕಾಯಿಲೆ ಗಂಡಸರದೆಂಬ ಭಾವನೆಯಿಂದ ಹೆಂಗಸರಲ್ಲಿ ತಡವಾಗಿ ಪತ್ತೆಯಾಗುತ್ತದೆ. "ಮೊದಲ ನಾಕ ರಾತ್ರಿ ಉಸುರು ಕಟ್ಟಿದಂಗಾಗಿ ಅಳೂನೇ ಬಂತ್ರಿ" ಎಂದರು. ಅವರ ಸೊಸೆ ಒಂದು ಉಪಾಯ ಮಾಡಿದ್ದಳು. ಮಧ್ಯಾಹ್ನ ಅತ್ತೆ ಬೇಳೆ ಹಸನು ಮಾಡುತ್ತ ಕುಳಿತಾಗ, ಮೊದಲು ಗವಸನ್ನು ಮಾತ್ರ ಹತ್ತು ನಿಮಿಷ, ಎರಡು ದಿನ ಬಿಟ್ಟು ಗಾಳಿ ಹಚ್ಚಿ ಅರ್ಧ ತಾಸು, ಆಮೇಲೆ ಮಧ್ಯಾಹ್ನದ ಮಲಗುವ ಹೊತ್ತಿಗೆ, ಕೊನೆಗೆ ರಾತ್ರಿಗೆ. ಕೈ ಕೆಲಸದಲ್ಲಿರುವಾಗ ಮುಖದ ಮೇಲಿನದು ಮರೆತುಹೋಗುತ್ತದೆ. ಗವಸಿನ ಭಯವಿರುವವರಿಗೆ ನಿದ್ರಾ ಚಿಕಿತ್ಸಾಲಯಗಳಲ್ಲಿ ಕಲಿಸುವುದೂ ಹೆಚ್ಚುಕಡಮೆ ಈ ಕ್ರಮವನ್ನೇ. ಮಾಡಬಲ್ಲೆನೆಂಬ ನಂಬಿಕೆ ಉಪದೇಶದಿಂದ ಬಂದುದಲ್ಲ, ಹತ್ತು ನಿಮಿಷ ಮಾಡಿದ್ದರಿಂದ ಬಂದದ್ದು.

ಈ ಮಾತಿಗೆ ಸಂಶೋಧನೆಯ ಆಧಾರವೂ ಇದೆ. 2002ರ ಒಂದು ಅಧ್ಯಯನದಲ್ಲಿ ಯಂತ್ರ ಕೊಡುವ ಮುಂಚೆ ರೋಗಿ ಹೇಳಿದ ಧೈರ್ಯದ ಮಾತಿಗೂ ಮುಂದಿನ ಬಳಕೆಗೂ ಸಂಬಂಧ ಕಾಣಲಿಲ್ಲ; ಒಂದು ವಾರ ಬಳಸಿದ ಬಳಿಕ ಹೇಳಿದ್ದಕ್ಕೆ ಸಂಬಂಧ ಕಂಡಿತು. ನಿತ್ಯ ಹಾಕುವವನು, ಆಗೊಮ್ಮೆ ಈಗೊಮ್ಮೆ ಹಾಕುವವನು ಎಂಬ ದಾರಿಗಳು ಮೊದಲ ವಾರದಲ್ಲೇ ಕವಲೊಡೆಯುತ್ತವೆಂದು ಇತರರೂ ಕಂಡಿದ್ದಾರೆ. ಅಡಿಕೆ ಸಸಿಗೆ ಮೊದಲ ಬೇಸಿಗೆ ಹೇಗೋ ಈ ಚಿಕಿತ್ಸೆಗೆ ಮೊದಲ ವಾರ ಹಾಗೆ. ನಮ್ಮಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ಅಂಗಡಿಯವನು ಯಂತ್ರ ಕೊಟ್ಟು, ಹಾಕುವುದನ್ನು ಐದು ನಿಮಿಷ ತೋರಿಸಿ ಹೋಗುತ್ತಾನೆ, ವೈದ್ಯರ ಭೇಟಿ ಮುಂದಿನ ತಿಂಗಳು. ಅಷ್ಟರಲ್ಲಿ ಕವಲು ಒಡೆದಾಗಿರುತ್ತದೆ.

ಇನ್ನೊಂದು ಸಂಗತಿಯನ್ನು ಮನೆಯವರು ಮರೆಯಬಾರದು. ಈ ಕಾಯಿಲೆ ಗಮನ, ನೆನಪು, ಯೋಜಿಸಿ ನಡೆಯುವ ಶಕ್ತಿ ಇವನ್ನೇ ಕುಂದಿಸುತ್ತದೆ. ಗವಸು ತೊಳೆಯುವುದು, ಪಟ್ಟಿ ಸರಿಪಡಿಸುವುದು, ಮೂಗು ಕಟ್ಟಿದ ರಾತ್ರಿಯ ಮಾರನೆಯ ದಿನ ಮತ್ತೆ ಹಾಕುವುದು, ಇವಕ್ಕೆಲ್ಲ ಬೇಕಾದದ್ದು ಅದೇ ಶಕ್ತಿ. ರೋಗಿಯನ್ನು ಸೋಮಾರಿ, ಹಟಮಾರಿ ಎನ್ನುವ ಮುಂಚೆ ಇದನ್ನು ನೆನೆಯಬೇಕು. ಮೊದಲ ತಿಂಗಳ ಮಟ್ಟಿಗಾದರೂ ನೆನಪಿಡುವ ಕೆಲಸವನ್ನು ಇನ್ನೊಬ್ಬರು ವಹಿಸಿಕೊಳ್ಳುವುದು ನ್ಯಾಯ. ಸಿಡ್ನಿಯಲ್ಲಿ 2007ರಲ್ಲಿ ವರದಿಯಾದ ಪ್ರಯೋಗವೊಂದರಲ್ಲಿ ಹೊಸ ರೋಗಿಗಳನ್ನೂ ಅವರ ಸಂಗಾತಿಗಳನ್ನೂ ಗುಂಪಾಗಿ ಕೂರಿಸಿ, ತಲಾ ಒಂದು ತಾಸಿನ ಎರಡು ಸಭೆಗಳಲ್ಲಿ, ಅವರ ತಪ್ಪು ಎಣಿಕೆಗಳನ್ನು ಬಿಡಿಸಿ, ಈಗಾಗಲೇ ಬಳಸುತ್ತಿರುವವರ ಅನುಭವ ತೋರಿಸಿದರು. ತಿಂಗಳ ಕೊನೆಗೆ ಇವರ ಬಳಕೆ ರಾತ್ರಿಗೆ ಸರಾಸರಿ ಐದು ತಾಸಿಗೂ ಹೆಚ್ಚು, ಸಭೆಗೆ ಬಾರದ ಗುಂಪಿನದು ಎರಡೂವರೆ ತಾಸು. ಎರಡು ಸಭೆಗಳಿಗೆ ಏನು ಖರ್ಚಾದೀತು? ಸಹಕಾರ ಸಂಘಗಳ ಸಭಾಂಗಣಗಳು ವರ್ಷದ ಬಹುಪಾಲು ಖಾಲಿಯಿರುತ್ತವೆ.

ಬೇಸಿಗೆಯ ವಿಷಯವನ್ನು ಹೇಳಲೇಬೇಕು. ಕಲಬುರಗಿ ಸೀಮೆಯಲ್ಲಿ ಸೆಕೆಗಾಲ ಬಂತೆಂದರೆ ಹಾಸಿಗೆ ಮಾಳಿಗೆಯ ಮೇಲಕ್ಕೆ ಹೋಗುತ್ತದೆ. ಯಂತ್ರ ಕೋಣೆಯಲ್ಲೇ ಉಳಿಯುತ್ತದೆ. ಯುಗಾದಿಯ ಹೊತ್ತಿಗೆ ತಪ್ಪಿದ ಅಭ್ಯಾಸ ಮಿರಗದ ಮಳೆಯ ಹೊತ್ತಿಗೆ ಮರಳಿ ಬಾರದು. ಅಭ್ಯಾಸವೆಂಬುದು ಜಾಗಕ್ಕೆ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಜೇವರ್ಗಿಯ ಮನೆಯವರು ಮಾಳಿಗೆಗೆ ಒಂದು ಪ್ಲಗ್ಗು ಎಳೆಸಿದ್ದರು, ಕರೆಂಟು ಹೋದರೆ ಇನ್ವರ್ಟರಿಗೆ ಹೊಂದುವಂತೆ. ಗಾಳಿಯನ್ನು ಬಿಸಿಮಾಡಿ ತೇವಗೊಳಿಸುವ ಭಾಗವನ್ನು ಆರಿಸಿಟ್ಟರೆ ಯಂತ್ರಕ್ಕೆ ಬೇಕಾಗುವ ವಿದ್ಯುತ್ತು ಬಹಳ ಕಡಮೆ. ನಮ್ಮ ಕಡೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ತೋಟದ ಮನೆಗಳಿಗೂ ಈ ಲೆಕ್ಕ ಉಪಯೋಗಕ್ಕೆ ಬಂದೀತು.

ಯಂತ್ರವನ್ನು ಸರ್ವರೋಗ ನಿವಾರಕವೆಂದು ನಾವು ಹೊಗಳಲಾರೆವು. ಹೃದಯದ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಮೊದಲೇ ಇದ್ದ 2700ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿ ನಡೆಸಿ 2016ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಯಂತ್ರದಿಂದ ಒಟ್ಟಾರೆ ಕಡಮೆಯಾಗಲಿಲ್ಲ. ಅಲ್ಲಿನ ಸರಾಸರಿ ಬಳಕೆ ರಾತ್ರಿಗೆ 3.3 ತಾಸು ಮಾತ್ರವಾಗಿತ್ತೆಂಬುದು ಬೇರೆ ಮಾತು. ತೂಕಡಿಕೆ ಕಡಮೆಯಾದದ್ದು, ಮನಸ್ಸು ಹಗುರವಾದದ್ದು, ಕಾಯಿಲೆಯ ರಜೆ ಕಡಮೆಯಾದದ್ದು ಅಲ್ಲಿಯೂ ನಿಜ. ಅಫಜಲಪುರದ ಆ ಟ್ರ್ಯಾಕ್ಟರಿನವರಿಗೆ ಅಷ್ಟೇ ಸಾಕು.

ಕೊಳ್ಳುವವರಿಗೆ ಒಂದೆರಡು ಮಾತು. ಆತುರದಿಂದ ಕೊಳ್ಳದೆ, ನಗರಗಳಲ್ಲಿ ಬಾಡಿಗೆಗೆ ಸಿಗುವುದನ್ನು ತಂದು ಮೊದಲ ವಾರಗಳನ್ನು ದಾಟುವುದು ಜಾಣತನ. ಗವಸನ್ನು ಮಲಗಿದ ಭಂಗಿಯಲ್ಲೇ ಹಾಕಿ ನೋಡಿ ಆರಿಸಬೇಕು. ಕುಳಿತಾಗ ಸರಿಹೋದದ್ದು ಮಲಗಿದಾಗ ಸೋರುತ್ತದೆ. ಬಹುತೇಕ ಹೊಸ ಯಂತ್ರಗಳು ಎಷ್ಟು ತಾಸು ಹಾಕಿದಿರೆಂದು ತಾವೇ ಬರೆದಿಡುತ್ತವೆ. ಆ ಲೆಕ್ಕವನ್ನು ಮೊದಲ ವಾರದ ಕೊನೆಗೇ ವೈದ್ಯರಿಗೆ ತೋರಿಸಿರಿ. ಒಬ್ಬರು ಬಿಟ್ಟ ಯಂತ್ರವನ್ನು ಇನ್ನೊಬ್ಬರು ಅಗ್ಗಕ್ಕೆ ಕೊಳ್ಳುವುದಿದ್ದರೆ ಗವಸು ಮತ್ತು ಕೊಳವೆ ಹೊಸದಾಗಿರಲಿ, ಒತ್ತಡವನ್ನು ವೈದ್ಯರೇ ಗೊತ್ತುಮಾಡಲಿ. ಸದ್ದಡಗಿಸುವ ನೊರೆಪದರ ಪುಡಿಯಾಗಿ ಗಾಳಿಯಲ್ಲಿ ಸೇರಬಹುದೆಂಬ ಕಾರಣದಿಂದ ಫಿಲಿಪ್ಸ್ ಕಂಪನಿಯು 2021ರ ಜೂನಿನಲ್ಲಿ ತನ್ನ ಹಲವು ಮಾದರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅದಕ್ಕಿಂತ ಹಿಂದೆ ತಯಾರಾದ ಆ ಕಂಪನಿಯ ಯಂತ್ರ ನಿಮ್ಮ ಕಪಾಟಿನಲ್ಲಿದ್ದರೆ, ತೆಗೆದು ಹಾಕಿಕೊಳ್ಳುವ ಮುಂಚೆ ಅಡಿಯಲ್ಲಿರುವ ಸಂಖ್ಯೆಯನ್ನು ವಿಚಾರಿಸಿಕೊಳ್ಳಿರಿ.